ಬೀಜದ ಜೋಳ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ತಾಲೂಕುಗಳ ಎರೆಭೂಮಿಯನ್ನು ನಂಬಿ ಬಾಳಿದ ನಮ್ಮ ಹಿರಿಯರು, ಸುಗ್ಗಿ ಮುಗಿದು ಬಿಳಿಜೋಳದ ರಾಶಿ ಮನೆಗೆ ಬಂದ ಮೇಲೆ, ವರ್ಷದ ಊಟಕ್ಕೆ ಬೇಕಾದ ಕಾಳನ್ನು ನೆಲದೊಳಗಿನ ಹಗೇವಿಗೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರಾದರೂ, ಮುಂದಿನ ಹಿಂಗಾರಿಗೆ ಬಿತ್ತತಕ್ಕ ಬೀಜದ ಜೋಳವನ್ನು ಮಾತ್ರ ಆ ಹಗೇವಿಗೆ ಹಾಕುತ್ತಿರಲಿಲ್ಲ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಒಳ್ಳೆಯ ತೆನೆಗಳನ್ನು ಆರಿಸಿ, ಬಿಸಿಲಿಗೆ ಒಣಗಿಸಿ, ಬೂದಿಯನ್ನೂ ಬೇವಿನ ಎಲೆಯನ್ನೂ ಬೆರಸಿ, ಬೇರೊಂದು ಗಡಿಗೆಯಲ್ಲಿ ತುಂಬಿ, ಬೇರೊಂದು ಮೂಲೆಯಲ್ಲಿ ಇಡುತ್ತಿದ್ದರು. ಹಗೇವಿಗೆ ಮಳೆಯ ನೀರು ಬಸಿದು ಕಾಳು ಮುಗ್ಗಿದರೆ ಆ ವರ್ಷ ಕಡ ತಂದು ಉಣ್ಣಬಹುದು. ಬೀಜವೂ ಅದರೊಡನೆ ಮುಗ್ಗಿದರೆ ಬರುವ ವರ್ಷ ಹೊಲವೇ ಬೀಳು. ಎಷ್ಟು ಗಟ್ಟಿಯಾಗಿ ಕಟ್ಟಿದ ಹಗೇವಾದರೂ ಅದು ಒಂದೇ ಹಗೇವು ಎಂಬ ಈ ವಿವೇಕವನ್ನು ಅವರಿಗೆ ಯಾರೂ ಪಾಠ ಹೇಳಿ ಕಲಿಸಿರಲಿಲ್ಲ.

ಈಗ ಅವೇ ಮನೆಗಳಲ್ಲಿ ಹೊಸ ಬಗೆಯ ಹಗೇವೊಂದು ಬಂದು ಕುಳಿತಿದೆ. ಮದುವೆಯ ಫೋಟೋ ತೆಗೆಯುವವನ ಸ್ಟುಡಿಯೋದಲ್ಲಿ, ಲಿಂಬೆಹಣ್ಣಿನ ವ್ಯಾಪಾರಿಯ ಲೆಕ್ಕದ ಕೋಣೆಯಲ್ಲಿ, ಮಗ ಪುಣೆಯಲ್ಲಿಯೂ ಮಗಳು ಬೆಂಗಳೂರಿನಲ್ಲಿಯೂ ಇದ್ದು ಹಬ್ಬಕ್ಕೊಮ್ಮೆ ಎಲ್ಲರೂ ಕೂಡುವ ಮನೆಯ ಕಪಾಟಿನಲ್ಲಿ, ಇಟ್ಟಿಗೆಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದು ಹಸಿರು ದೀಪ ಮಿಟುಕಿಸುತ್ತ ಹಗಲಿರುಳು ಮೆಲ್ಲನೆ ಗುಂಯ್‌ಗುಡುತ್ತಿರುತ್ತದೆ. ಬಲ್ಲವರು ಇದನ್ನು ‘ನ್ಯಾಸ್’ ಎನ್ನುತ್ತಾರೆ. ಇಂಗ್ಲಿಷಿನ ಮೂರು ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದಾದರೂ, ಸಂಸ್ಕೃತದಲ್ಲಿ ನ್ಯಾಸವೆಂದರೆ ಒಬ್ಬರು ಇನ್ನೊಬ್ಬರಲ್ಲಿ ನಂಬಿ ಒಪ್ಪಿಸಿಟ್ಟ ವಸ್ತು ಎಂದು ಅರ್ಥವಾಗುವುದರಿಂದ, ಈ ಪೆಟ್ಟಿಗೆಗೆ ಇದಕ್ಕಿಂತ ಒಪ್ಪುವ ಹೆಸರು ಕನ್ನಡದಲ್ಲಿಯೂ ಸಿಕ್ಕಲಾರದು.

ಪೆಟ್ಟಿಗೆಯ ಒಳಗಿರುವುದು ಒಂದು ಚಿಕ್ಕ ಕಂಪ್ಯೂಟರು ಮತ್ತು ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳು. ತಂತಿಯೊಂದರಿಂದ ಅದು ಮನೆಯ ರೌಟರಿಗೆ ಜೋಡಣೆಯಾಗಿರುವ ಕಾರಣ, ಮನೆಯವರ ಮೊಬೈಲು, ಲ್ಯಾಪ್‌ಟಾಪು, ಟೀವಿ ಇವೆಲ್ಲವೂ ವೈಫೈ ಮೂಲಕವೇ ಅದರಲ್ಲಿ ಫೋಟೋ, ಕಾಗದಪತ್ರ, ಹಾಡುಗಳನ್ನು ಇಡಬಹುದು, ಇಟ್ಟದ್ದನ್ನು ತೆಗೆಯಬಹುದು. ಪೆನ್‌ಡ್ರೈವನ್ನು ಹುಡುಕುವ ತಾಪತ್ರಯವಿಲ್ಲ, ತಿಂಗಳಿಗೆ ಬಾಡಿಗೆಯಿಲ್ಲ. ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರಲು, ಓದುವ ಬರೆಯುವ ಮೊನೆಯು ಅವುಗಳ ಮೇಲೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆಯಾದ ಅಂತರದಲ್ಲಿ ತೇಲುತ್ತಿರುತ್ತದೆ. ಇಂಥ ಸೂಕ್ಷ್ಮ ಯಂತ್ರವು ವರ್ಷಗಟ್ಟಲೆ ನಡೆಯುವುದೇ ಒಂದು ವಿಸ್ಮಯ. ಅದು ಒಂದು ದಿನ ನಿಂತುಹೋಗುವುದರಲ್ಲಿ ವಿಸ್ಮಯವೇನೂ ಇಲ್ಲ.

ಆ ದಿನಕ್ಕಾಗಿ ತಜ್ಞರು ಒಂದು ಉಪಾಯವನ್ನು ಮಾಡಿದ್ದಾರೆ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಪ್ರಬಂಧವೊಂದರಿಂದ ‘ರೇಡ್’ ಎಂಬ ಹೆಸರು ಲೋಕದಲ್ಲಿ ಪ್ರಚಾರವಾಯಿತು. ಒಂದೇ ಡಿಸ್ಕನ್ನು ನಂಬದೆ ಹಲವು ಡಿಸ್ಕುಗಳನ್ನು ಕೂಡಿಸಿ ದುಡಿಸುವುದೂ, ಅವುಗಳಲ್ಲಿ ಒಂದು ಕೆಟ್ಟರೂ ಉಳಿದವು ಕೆಲಸವನ್ನು ನಡೆಸಿಕೊಂಡು ಹೋಗುವಂತೆ ಏರ್ಪಡಿಸುವುದೂ ಅದರ ತಿರುಳು. ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಡಿಸ್ಕು ಇನ್ನೊಂದರ ಕನ್ನಡಿಯಾಗಿರುತ್ತದೆ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಮತ್ತೊಂದರಲ್ಲಿಯೂ ಮೂಡುತ್ತದೆ. ಪೆಟ್ಟಿಗೆಯನ್ನು ಕೊಂಡ ಗೃಹಸ್ಥನು ಇದನ್ನು ಕೇಳಿದೊಡನೆ, ಎರಡು ಪ್ರತಿಗಳು ತಾನೇ ತಾನಾಗಿ ಸಿದ್ಧವಾದುವಲ್ಲ, ಇನ್ನು ಬ್ಯಾಕಪ್ಪಿನ ಗೊಡವೆ ಏಕೆ ಎಂದು ನಿಶ್ಚಿಂತನಾಗುತ್ತಾನೆ. ನಾನೂ ಹಾಗೆಯೇ ನಿಶ್ಚಿಂತನಾಗಿದ್ದೆನು.

ಇಂಡಿಯ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮದುವೆ ಮುಂಜಿಗಳ ಚಿತ್ರಗಳಿದ್ದವು, ಹೊಲದ ಕಾಗದಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ನನ್ನ ತಾಯಿ ತನ್ನ ಕಡೆಗಾಲದಲ್ಲಿ, ಬೀಸುಕಲ್ಲು ಇಲ್ಲದಿದ್ದರೂ ಅದರ ಗೂಟವನ್ನು ಹಿಡಿದವಳಂತೆ ಕೈಯಾಡಿಸುತ್ತ ಹೇಳಿದ ಬೀಸುವ ಹಾಡುಗಳಿದ್ದವು. ಒಂದು ಕಾಲಕ್ಕೆ ಇದೇ ತಾಲೂಕಿಗೆ ಸೇರಿದ್ದ, ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯಲ್ಲಿ, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದ ಗೆಳೆಯರು ಓಣಿಯ ತಾಯಂದಿರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಬೆಳಕಿಗೆ ತಂದ ಪದಗಳ ಜಾತಿಯವೇ ಇವು. ಹಿಟ್ಟಿನ ಗಿರಣಿ ಊರಿಗೆ ಬಂದ ದಿನದಿಂದ ಬೀಸುಕಲ್ಲಿನೊಡನೆ ಮೂಲೆ ಸೇರಿದ ಆ ಪದಗಳು ಕೆಲವು ಮುದುಕಿಯರ ಕೊರಳಿನಲ್ಲಿ ಮಾತ್ರ ಉಳಿದಿದ್ದವಾದ್ದರಿಂದ, ಮೊಬೈಲಿನಲ್ಲಿ ಹಿಡಿದಿಟ್ಟ ನನ್ನ ಆ ಸಂಗ್ರಹವು ನನ್ನ ಪಾಲಿಗೆ ಬಂಗಾರಕ್ಕಿಂತ ಬೆಲೆಯುಳ್ಳದಾಗಿತ್ತು. ಒಂದು ರವಿವಾರ, ಪೆಟ್ಟಿಗೆ ತುಂಬುತ್ತ ಬಂತೆಂದು, ಎರಡೆರಡು ಬಾರಿ ಬಂದಿದ್ದ ಫೋಟೋಗಳನ್ನು ಅಳಿಸುವ ಭರದಲ್ಲಿ ಆ ಹಾಡುಗಳ ಫೋಲ್ಡರನ್ನೇ ಅಳಿಸಿಬಿಟ್ಟೆನು. ತಿಳಿದದ್ದು ನಾಲ್ಕು ದಿನದ ಮೇಲೆ. ಎರಡನೆಯ ಡಿಸ್ಕಿನಲ್ಲಿ ಇರಬಹುದೆಂಬ ಆಸೆಯೊಂದಿತ್ತಷ್ಟೆ. ಆದರೆ ಕನ್ನಡಿಯು ಮೋರೆಯ ಮೇಲಿನ ಕಲೆಯನ್ನೂ ತೋರಿಸುತ್ತದೆ, ಮೋರೆ ಹಿಂದೆ ಸರಿದರೆ ಬರಿದನ್ನೂ ತೋರಿಸುತ್ತದೆ. ನಾನು ಒಂದರಲ್ಲಿ ಅಳಿಸಿದ ಕ್ಷಣವೇ ಇನ್ನೊಂದೂ ತಪ್ಪದೆ ಅಳಿಸಿಕೊಂಡಿತ್ತು.

ಮಾನ ಉಳಿಸಿದವಳು ಬಸವನ ಬಾಗೇವಾಡಿಗೆ ಕೊಟ್ಟ ನನ್ನ ತಂಗಿ. ಆ ವರ್ಷ ನಾಗರ ಪಂಚಮಿಗೆ ತವರಿಗೆ ಬಂದವಳ ಕೈಯಲ್ಲಿ, ಅವ್ವನ ಹಾಡು ಕೇಳಬೇಕೆಂದು ಆಕೆ ಬಯಸಿದ ಕಾರಣಕ್ಕೆ, ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ ಕೊಟ್ಟಿದ್ದೆನು. “ಅಣ್ಣಾ, ಇದನ್ನ ಎಲ್ಲಿ ಇಡ್ಲಿ?” ಎಂದು ಆಕೆ ಕೇಳಿದ್ದಕ್ಕೆ, “ಅವ್ವನ ಇಳಕಲ್ ಸೀರಿ ಇಟ್ಟ ಟ್ರಂಕಿನ್ಯಾಗ ಇಡವ್ವ” ಎಂದಿದ್ದೆನು. ಟ್ರಂಕಿನಿಂದ ಅದು ಹೊರಗೆ ಬಂದಿತು, ಹಾಡುಗಳೂ ಬಂದುವು. ಆದರೆ ಪಂಚಮಿಯ ಅನಂತರ ಹಿಡಿದಿಟ್ಟಿದ್ದ ಎರಡು ಹಾಡುಗಳು ಅದರಲ್ಲಿರಲಿಲ್ಲ. ಮತ್ತೆ ಹೇಳಿಸಲು ಹಾಡಿದವಳೂ ಅಷ್ಟು ಹೊತ್ತಿಗೆ ಇರಲಿಲ್ಲ.

ಅಂದಿನಿಂದ ನನಗೆ ಮನವರಿಕೆಯಾದ ಸಂಗತಿ ಇಷ್ಟೆ: ಪೆಟ್ಟಿಗೆಯೊಳಗೆ ಎಷ್ಟು ಡಿಸ್ಕುಗಳಿದ್ದರೂ ಪೆಟ್ಟಿಗೆಯು ಒಂದೇ. ರೇಡ್ ಎಂಬುದು ಡಿಸ್ಕಿನ ಸಾವಿಗೆ ಮದ್ದು, ಉಳಿದ ಯಾವ ರೋಗಕ್ಕೂ ಅಲ್ಲ. ಆ ಉಳಿದ ರೋಗಗಳಾದರೂ ಕಡಿಮೆಯೆ? ಮೊದಲನೆಯದು ನಮ್ಮದೇ ಕೈಯ ತಪ್ಪು. ಎರಡನೆಯದು ಬೇಸಗೆಯ ಕಡೆಗೆ ಗುಡುಗು ಸಿಡಿಲಿನೊಡನೆ ಬರುವ ಅಡ್ಡಮಳೆಯ ಕಾಲದಲ್ಲಿ ತಂತಿಯ ಮೂಲಕ ನುಗ್ಗಿ ಪೆಟ್ಟಿಗೆಯ ಎರಡೂ ಡಿಸ್ಕುಗಳನ್ನು ಒಟ್ಟಿಗೆ ಸುಡಬಲ್ಲ ವಿದ್ಯುತ್ತು. ಮೂರನೆಯದು ಹೊಳೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಭೀಮೆಯು ತುಂಬಿ ಬಂದು ಇಂಡಿ, ಸಿಂದಗಿ ಭಾಗದ ನದೀತೀರದ ಹಳ್ಳಿಗಳನ್ನು ಹೊಕ್ಕಾಗ, ಜನ ಮಕ್ಕಳನ್ನೂ ದನಗಳನ್ನೂ ಕಾಳನ್ನೂ ಹೊತ್ತು ಹೊರಗೆ ಬಂದರೇ ಹೊರತು ಗೋಡೆಯ ಕಪಾಟನ್ನು ನೋಡುವ ವ್ಯವಧಾನ ಯಾರಿಗಿತ್ತು? ಇನ್ನು ಕಳ್ಳನಿಗೆ ಪೆಟ್ಟಿಗೆಯೂ ಬೇಕು, ಅದರ ಮಗ್ಗುಲಲ್ಲಿಯೇ ಇಟ್ಟ ಬ್ಯಾಕಪ್ ಡಿಸ್ಕೂ ಬೇಕು.

ಐದನೆಯದು ಕಣ್ಣಿಗೆ ಕಾಣದ ಕಳ್ಳ. 2021ರ ಏಪ್ರಿಲಿನಲ್ಲಿ ‘ಕ್ಯೂಲಾಕರ್’ ಎಂಬ ದುಷ್ಟ ತಂತ್ರಾಂಶವು, ತೈವಾನಿನ ಕ್ಯೂನ್ಯಾಪ್ ಸಂಸ್ಥೆಯ ಇಂಥವೇ ಪೆಟ್ಟಿಗೆಗಳು ಇಂಟರ್ನೆಟ್ಟಿಗೆ ಬಾಗಿಲು ತೆರೆದುಕೊಂಡಿದ್ದಲ್ಲೆಲ್ಲ ನುಗ್ಗಿ, ಕಡತಗಳನ್ನು ಗಂಟು ಕಟ್ಟಿ, ಗಂಟಿಗೆ ಪಾಸ್‌ವರ್ಡಿನ ಬೀಗ ಜಡಿದು, ಬಿಡುಗಡೆಗೆ 0.01 ಬಿಟ್‌ಕಾಯಿನ್ ಒತ್ತೆಹಣವನ್ನು ಕೇಳಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ಮೈ ಬುಕ್ ಲೈವ್’ ಎಂಬ ಹಳೆಯ ಮಾದರಿಯ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದ ಎಷ್ಟೋ ದೇಶಗಳ ಗೃಹಸ್ಥರು ಬೆಳಗಾಗೆದ್ದು ನೋಡಿದಾಗ, ಯಾರೋ ದೂರದಿಂದಲೇ ಆಜ್ಞೆಯಿತ್ತು ಎಲ್ಲವನ್ನೂ ಅಳಿಸಿಹಾಕಿದ್ದರು. ಆದಕಾರಣ ಪೆಟ್ಟಿಗೆಯನ್ನು ಅಗತ್ಯವಿಲ್ಲದೆ ಇಂಟರ್ನೆಟ್ಟಿನಿಂದ ಕಾಣುವಂತೆ ತೆರೆದಿಡಬಾರದು. ತಯಾರಕರು ಕಳಿಸುವ ಅಪ್‌ಡೇಟುಗಳನ್ನು ತಪ್ಪಿಸಬಾರದು. ಮತ್ತು ಬ್ಯಾಕಪ್ಪುಗಳಲ್ಲಿ ಒಂದಾದರೂ ತಂತಿಯಿಂದ ಬಿಡಿಸಿ ಬೇರೆಯಾಗಿಟ್ಟ ಡಿಸ್ಕಾಗಿರಬೇಕು. ಜೋಡಣೆಯೇ ಇಲ್ಲದ ಡಿಸ್ಕನ್ನು ಯಾವ ತಂತ್ರಾಂಶವೂ ಮುಟ್ಟಲಾರದು.

ಇಷ್ಟನ್ನೂ ಕೇಳಿದವರು, ಇದು ಹೊಸ ಕಾಲದ ಹೊಸ ಪೀಡೆ ಎಂದುಕೊಂಡಾರು. ಹಾಗೇನೂ ಇಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಾದ ನಮಗೆ ಇದರ ಇತಿಹಾಸ ಮನೆಯದೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಮೇಲೆಯೂ ವಚನಗಳು ಉಳಿದು ಬಂದದ್ದು, ಅವು ಒಂದೇ ಭಂಡಾರದಲ್ಲಿ ಕೂಡಿಬಿದ್ದಿರದೆ, ಮಠಮಠಗಳಲ್ಲಿಯೂ ಮನೆಮನೆಗಳ ಜಂತಿಗಳಲ್ಲಿಯೂ ಓಲೆಗರಿಯ ಕಟ್ಟುಗಳಾಗಿ ಹರಡಿಕೊಂಡಿದ್ದರಿಂದ. ಓಲೆಗರಿಯಾದರೂ ಚಿರಂಜೀವಿಯೇನಲ್ಲ, ಹುಳ ತಿನ್ನುತ್ತದೆ, ಅಂಚು ಮುರಿಯುತ್ತದೆ. ಹಳೆಯ ಗರಿ ಸಾಯುವ ಮೊದಲೇ ಯಾರೋ ಒಬ್ಬ ಲಿಪಿಕಾರ ಬರೆಯುವ ಕಂಠವನ್ನು ಹಿಡಿದು ಹೊಸ ಗರಿಗೆ ಇಳಿಸಿ, ಮಸಿ ಬಳಿದು, ಮುಂದಿನ ತಲೆಮಾರಿಗೆ ದಾಟಿಸುತ್ತ ಬಂದುದರ ಫಲ ಅದು. ಧಾರವಾಡದಲ್ಲಿ 1880ರಲ್ಲಿ ಜನಿಸಿ ವಿಜಯಪುರದಲ್ಲಿ ವಕೀಲರಾಗಿ ನೆಲಸಿದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಹಾಕಿದರು. ಆದರೆ ಕೂಡಿಹಾಕುವಲ್ಲಿಗೇ ನಿಂತಿದ್ದರೆ ಅವರೂ ಒಂದು ದೊಡ್ಡ ಹಗೇವನ್ನು ಕಟ್ಟಿದಂತಾಗುತ್ತಿತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿ, ಕೆಲವೇ ಜಂತಿಗಳಲ್ಲಿದ್ದುದನ್ನು ನೂರಾರು ಮನೆಗಳ ಕಪಾಟಿಗೆ ಮುಟ್ಟಿಸಿದ್ದೇ ಅವರ ನಿಜವಾದ ಸಂರಕ್ಷಣೆ.

ಇನ್ನೊಂದು ಉದಾಹರಣೆ ಕಲ್ಲಿನದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು, ತರ್ದವಾಡಿ ನಾಡಿನ ಬಾಗೇವಾಡಿಯನ್ನೂ ಬಸವಣ್ಣನವರ ಮನೆತನವನ್ನೂ ಹೆಸರಿಸುತ್ತದೆ. ತರ್ದವಾಡಿಯೆಂದರೆ ಇಂಡಿಯ ಕಡೆಯ ಇಂದಿನ ತದ್ದೇವಾಡಿ. ಬಾಗೇವಾಡಿಯ ಸಮಾಚಾರವು ಇಷ್ಟು ದೂರದ ಇನ್ನೊಂದು ಊರಿನಲ್ಲಿ, ಗರಿಯಲ್ಲದ ಬೇರೊಂದು ದ್ರವ್ಯದ ಮೇಲೆ ಉಳಿದಿತ್ತಾಗಿ, ಗರಿಗಳು ಹೇಳುವ ಕಥೆಗೆ ಕಲ್ಲಿನ ಸಾಕ್ಷಿ ಒದಗಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ವಿಜಯಪುರದಲ್ಲಿಯೇ ಉಂಟು. ಆದಿಲಶಾಹಿ ಅರಸರ ಪುಸ್ತಕಭಂಡಾರದಲ್ಲಿ ಅಳಿದುಳಿದು ಅಸರ್ ಮಹಲಿನಲ್ಲಿದ್ದ ಹಸ್ತಪ್ರತಿಗಳನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಂಡನ್ನಿಗೆ ಸಾಗಿಸಿದರು. ಇಂದು ಅವು ಬ್ರಿಟಿಷ್ ಲೈಬ್ರರಿಯ ಸೊತ್ತು. ಅವು ಅಲ್ಲಿ ಕ್ಷೇಮವಾಗಿರುವುದು ನಿಜವೇ. ಆದರೆ ಒಂದಿದ್ದದ್ದು ಒಂದೇ ಆಗಿ ಉಳಿಯಿತು, ಇಲ್ಲಿಯ ಮಹಲು ಬರಿದಾಯಿತು. ಸಾಗಿಸುವುದು ಬೇರೆ, ಪ್ರತಿ ಮಾಡುವುದು ಬೇರೆ. ಮೊಬೈಲು ತುಂಬಿತೆಂದು ಫೋಟೋಗಳನ್ನೆಲ್ಲ ಪೆಟ್ಟಿಗೆಗೆ ಸಾಗಿಸಿ ಮೊಬೈಲಿನಿಂದ ಅಳಿಸಿ, ‘ಬ್ಯಾಕಪ್ ಆಯಿತು’ ಎನ್ನುವ ಜನ ನಮ್ಮಲ್ಲಿ ಎಷ್ಟಿಲ್ಲ! ಆಗ ಪೆಟ್ಟಿಗೆಯಲ್ಲಿರುವುದೇ ಮೂಲ. ಪ್ರತಿ ಎಂಬುದು ಇನ್ನೂ ಹುಟ್ಟಿಯೇ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಎಂಬಾತನು ತನ್ನ ವೃತ್ತಿಬಂಧುಗಳಿಗಾಗಿ ಬರೆದ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರವನ್ನು ಇಂದು ಲೋಕವೆಲ್ಲ ಒಪ್ಪಿದೆ. ಮೂಲವೂ ಸೇರಿ ಮೂರು ಪ್ರತಿಗಳಿರಬೇಕು. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳ ಮೇಲಿರಬೇಕು. ಒಂದು ಪ್ರತಿಯಾದರೂ ಬೇರೊಂದು ಸ್ಥಳದಲ್ಲಿರಬೇಕು. ಗರಿ, ಕಲ್ಲು, ಕೊರಳು ಎಂದು ಮೂರು ನೆಲೆಗಳಲ್ಲಿ ಮಾತನ್ನು ಉಳಿಸಿಕೊಂಡು ಬಂದ ನಾಡಿಗೆ ಇದು ಅಪರಿಚಿತವಾದ ಉಪದೇಶವಲ್ಲ.

ನಮ್ಮ ಮನೆಯಲ್ಲಿ ಈಗ ನಡೆಯುವ ಪದ್ಧತಿಯನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ಪೆಟ್ಟಿಗೆಯ ಹಿಂಬದಿಯ ಯುಎಸ್‌ಬಿ ಕಿಂಡಿಗೆ ವಾರಕ್ಕೊಮ್ಮೆ, ಶನಿವಾರ ರಾತ್ರಿ, ಹೊರಗಿನ ಹಾರ್ಡ್ ಡಿಸ್ಕೊಂದನ್ನು ಸಿಕ್ಕಿಸುತ್ತೇನೆ. ಪೆಟ್ಟಿಗೆಯಲ್ಲಿಯೇ ಇರುವ ಬ್ಯಾಕಪ್ ತಂತ್ರಾಂಶವು ಮೊದಲ ಸಲ ಎಲ್ಲವನ್ನೂ ಪ್ರತಿ ಮಾಡಿತು. ಆಮೇಲೆ ಪ್ರತಿ ವಾರ ಹೊಸದಾಗಿ ಬಂದುದನ್ನೂ ಬದಲಾದುದನ್ನೂ ಮಾತ್ರ ಸೇರಿಸುತ್ತದೆಯಾಗಿ, ನಾವು ಊಟ ಮುಗಿಸಿ ಏಳುವುದರೊಳಗೆ ಕೆಲಸ ತೀರಿರುತ್ತದೆ. ಅದು ಹಳೆಯ ಆವೃತ್ತಿಗಳನ್ನೂ ಕೆಲವು ತಿಂಗಳ ವರೆಗೆ ಇಟ್ಟುಕೊಳ್ಳುವಂತೆ ಗೊತ್ತುಪಡಿಸಿದ್ದೇನೆ. ಏಕೆಂದರೆ ನನ್ನಂತೆ ತಪ್ಪು ಮಾಡಿದವನಿಗೆ ತಪ್ಪು ಮಾಡಿದ ದಿನವೇ ಅದು ತಿಳಿಯುವುದಿಲ್ಲ. ಪೆಟ್ಟಿಗೆಯೂ ತನ್ನೊಳಗೆ ದಿನಕ್ಕೊಂದು ‘ಸ್ನ್ಯಾಪ್‌ಶಾಟ್’ ಹಿಡಿದಿಡಬಲ್ಲುದು. ನಿನ್ನೆಯ ಸ್ಥಿತಿಗೆ ಹಿಂದಿರುಗಲು ಅದು ಬಹಳ ಅನುಕೂಲವಾದರೂ, ಪೆಟ್ಟಿಗೆಯೇ ಮುಳುಗಿದರೆ ಅದೂ ಮುಳುಗುವುದೆಂಬುದನ್ನು ಮರೆಯಲಾಗದು.

ಎರಡನೆಯ ಡಿಸ್ಕು ಬಾಗೇವಾಡಿಯಲ್ಲಿದೆ. ಹಬ್ಬಕ್ಕೋ ಮದುವೆಗೋ ಒಬ್ಬರ ಮನೆಗೆ ಒಬ್ಬರು ಹೋದಾಗಲೆಲ್ಲ ಇಲ್ಲಿಯದನ್ನು ಅಲ್ಲಿಗೆ ಒಯ್ದು ಅಲ್ಲಿಯದನ್ನು ಇಲ್ಲಿಗೆ ತರುತ್ತೇವೆ. ಹಬ್ಬವಿಲ್ಲದ ತಿಂಗಳಲ್ಲಿ ಬಸ್ಸು ಹತ್ತಿಯಾದರೂ ಒಯ್ಯುತ್ತೇನೆ. ಇಂಡಿ ಸಿಂದಗಿಗಳು ಭೀಮೆಯ ಕಡೆಯವು, ಬಾಗೇವಾಡಿ ಮುದ್ದೇಬಿಹಾಳಗಳು ಡೋಣಿ ಕೃಷ್ಣೆಯರ ಕಡೆಯವು. ಈ ಹೊಳೆಯ ನೆರೆ ಆ ಮನೆಯ ಟ್ರಂಕನ್ನು ಮುಟ್ಟದು, ಆ ಊರಿನ ಸಿಡಿಲು ಈ ಮನೆಯ ತಂತಿಗೆ ಬಾರದು.

ಇಂಟರ್ನೆಟ್ಟಿನ ಮೂಲಕವೇ ಏಕೆ ಕಳಿಸಬಾರದೆಂದು ಕೇಳುವವರಿಗೆ ಒಂದು ಲೆಕ್ಕವನ್ನು ಹೇಳುತ್ತೇನೆ. ಪೆಟ್ಟಿಗೆಯಲ್ಲಿ 2 ಟೆರಾಬೈಟ್ ಸಾಮಗ್ರಿಯಿದ್ದು, ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ, ಒಂದು ಕ್ಷಣವೂ ತಡೆಯಿಲ್ಲದೆ ನಡೆದರೂ ಮೊದಲ ಪ್ರತಿಗೆ 9 ದಿನಗಳ ಮೇಲಾಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಬರೆಯುವ ಡಿಸ್ಕಿಗೆ ಅದೇ ಕೆಲಸ ಐದೂವರೆ ತಾಸಿನದು. ಆದ್ದರಿಂದ ಭಾರವಾದುದೆಲ್ಲ ಬಸ್ಸಿನಲ್ಲಿ ಹೋಗಲಿ. ಹೊಲಮನೆಯ ಕಾಗದಪತ್ರ, ಮಕ್ಕಳ ಅಂಕಪಟ್ಟಿ, ಆರಿಸಿದ ಕೆಲವು ಚಿತ್ರ, ತಾಯಿಯ ದನಿ ಇಂಥ ಹಗುರವಾದ, ಆದರೆ ಮತ್ತೆ ಸಿಕ್ಕದ ವಸ್ತುಗಳು ಕ್ಲೌಡಿಗೂ ಹೋಗಲಿ. ಡೌನ್‌ಲೋಡ್ ಮಾಡಿದ ಸಿನಿಮಾಗಳಿಗೆ ಈ ಉಪಚಾರ ಬೇಕಿಲ್ಲ. ಬೀಜಕ್ಕೆಂದು ಇಡೀ ರಾಶಿಯನ್ನು ಯಾರೂ ಎತ್ತಿಡುವುದಿಲ್ಲ.

ಡಿಸ್ಕನ್ನು ಇನ್ನೊಬ್ಬರ ಮನೆಯಲ್ಲಿ ಇಡುವಾಗ ಪಾಸ್‌ವರ್ಡ್ ಹಾಕಿ ಗೂಢಲಿಪಿಯಲ್ಲಿ ಇಡುವುದು ಲೇಸು. ಆದರೆ ಆ ಪಾಸ್‌ವರ್ಡು ಒಬ್ಬನ ತಲೆಯಲ್ಲಿ ಮಾತ್ರ ಇದ್ದರೆ, ಆತನೊಡನೆ ಎಲ್ಲವೂ ಮಣ್ಣಾಗುತ್ತದೆ. ಅದನ್ನು ಕಾಗದದ ಮೇಲೆ ಬರೆದು ಹೊಲದ ಉತಾರ ಇಟ್ಟ ಕಡತದಲ್ಲಿ ಇಡಬೇಕು, ಇಟ್ಟದ್ದನ್ನು ಮನೆಯವರಿಗೆ ಹೇಳಬೇಕು. ಕೆಲವು ಬ್ಯಾಕಪ್ ತಂತ್ರಾಂಶಗಳು ತಮ್ಮದೇ ವಿಶಿಷ್ಟ ರೂಪದಲ್ಲಿ ಕಡತಗಳನ್ನು ಕಟ್ಟಿಡುವುದರಿಂದ, ಆ ತಂತ್ರಾಂಶವಿಲ್ಲದೆ ಅವು ತೆರೆಯುವುದಿಲ್ಲ. ಮುಂಬಯಿ ಆಡಳಿತದ ಕಾಲದಲ್ಲಿ ಮೋಡಿ ಲಿಪಿಯಲ್ಲಿ ಬರೆದ ಕಾಗದಗಳು ನಮ್ಮ ಎಷ್ಟೋ ಮನೆಗಳಲ್ಲಿ ಅಚ್ಚುಕಟ್ಟಾಗಿ ಉಳಿದಿವೆ, ಓದುವವರು ಮಾತ್ರ ಉಳಿದಿಲ್ಲ. ಅದಕ್ಕಾಗಿ ಒಂದು ಪ್ರತಿಯಾದರೂ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ತೆರೆಯುವ ಸಾಮಾನ್ಯ ರೂಪದಲ್ಲಿರಲಿ.

ಕಡೆಯದಾಗಿ ಎಲ್ಲರೂ ಮರೆಯುವ ಮಾತು. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ತೆರೆದು ನೋಡಬೇಕು. ಪರದೆಯ ಮೇಲೆ ‘ಯಶಸ್ವಿ’ ಎಂದು ಬಂದ ಮಾತ್ರಕ್ಕೆ ಕಡತ ಕ್ಷೇಮವಾಗಿದೆಯೆಂದು ತಿಳಿಯಲಾಗದು. ವಿದ್ವಾಂಸರು ಒಂದು ವಚನಕ್ಕೆ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿ ಶುದ್ಧಪಾಠವನ್ನು ನಿರ್ಣಯಿಸುತ್ತ ಬಂದ ಶ್ರಮವೇ 1993ರಲ್ಲಿ 15 ಸಂಪುಟಗಳ ಸಮಗ್ರ ವಚನ ಸಂಪುಟವಾಗಿ ಫಲಿಸಿತು. ನಮಗೆ ಅಷ್ಟು ಶ್ರಮ ಬೇಡ. ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಹಳೆಯ ಫೋಟೋ, ಒಂದು ಕಾಗದ, ಒಂದು ಹಾಡು, ಇಷ್ಟನ್ನು ತೆರೆದು ನೋಡಿದರೆ ಸಾಕು. ಬಿತ್ತುವ ಮೊದಲು ಹಿಡಿ ಕಾಳನ್ನು ಹಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುವುದೇ ಎಂದು ನೋಡುವ ರೈತನಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಬೇಕಾಗುವುದು ಎರಡು ಹಾರ್ಡ್ ಡಿಸ್ಕು, ಪೆಟ್ಟಿಗೆಗೊಂದು ಯುಪಿಎಸ್, ವಾರಕ್ಕೆ ಅರ್ಧ ತಾಸು, ಮತ್ತು ದೂರದಲ್ಲಿ ನಂಬಿಕೆಯ ಒಂದು ಮನೆ. ಡಿಸ್ಕನ್ನು ಬೇಸಗೆಯಲ್ಲಿ ಕಾಯುವ ತಗಡಿನ ಸೂರಿನ ಕೆಳಗೆ ಇಡಬೇಡಿ. ಪ್ರತಿ ಡಿಸ್ಕಿನ ಮೇಲೂ ಕಡೆಯ ಸಲ ಪ್ರತಿ ಮಾಡಿದ ತಾರೀಖನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಆ ಚೀಟಿಗೂ ಇಂದಿಗೂ ನಡುವೆ ಎಷ್ಟು ದಿನವೋ ಅಷ್ಟು ದಿನದ ಬದುಕನ್ನು ನೀವು ಪಣಕ್ಕೆ ಒಡ್ಡಿದ್ದೀರೆಂದು ತಿಳಿಯಿರಿ. ನನ್ನ ಪಾಲಿಗೆ ಅದು ಎರಡು ಹಾಡುಗಳಾಯಿತು. ನಿಮ್ಮ ಮನೆಯಲ್ಲಿ ಅಂಥ ಪೆಟ್ಟಿಗೆಯೊಂದಿದ್ದರೆ, ಮುಂದಿನ ಹಬ್ಬಕ್ಕೆ ಮಗಳೋ ತಂಗಿಯೋ ತವರಿಗೆ ಬಂದು ಹೊರಡುವ ದಿನ, ಬುತ್ತಿಯ ರೊಟ್ಟಿಯೊಡನೆ ಒಂದು ಡಿಸ್ಕನ್ನೂ ಅವಳ ಚೀಲದಲ್ಲಿ ಇಟ್ಟು ಕಳಿಸಿರಿ.